ಕರಭಾರವೂ ಗೃಹಸ್ಥನ ಅರ್ಜಿಯೂ

2017ರಿಂದೀಚೆಗೆ ಕೇಂದ್ರ ಸರ್ಕಾರದ ಆಯವ್ಯಯ ಪತ್ರವು ಸಾಮಾನ್ಯವಾಗಿ ಫೆಬ್ರವರಿ ತಿಂಗಳ ಮೊದಲನೆಯ ದಿನ ಲೋಕಸಭೆಯಲ್ಲಿ ಮಂಡಿತವಾಗುತ್ತದಷ್ಟೆ. ಆ ದಿನ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆಯು ಬಹುಮಟ್ಟಿಗೆ ಒಂದೇ ರೀತಿಯದು. ಯಾವುದು ಅಗ್ಗವಾಯಿತು, ಯಾವುದು ತುಟ್ಟಿಯಾಯಿತು, ಸಂಬಳದ ಮೇಲಿನ ತೆರಿಗೆಯು ಎಷ್ಟಾಯಿತು? ಇಷ್ಟನ್ನು ತಿಳಿದುಕೊಂಡು, ಮಳೆ ಬಂದುದನ್ನೋ ಬಾರದುದನ್ನೋ ಕೇಳಿದವರಂತೆ ಸುಮ್ಮನಾಗುತ್ತೇವೆ. ದಿಲೀಪ ಮಹಾರಾಜನು ಪ್ರಜೆಗಳಿಂದ ತೆಗೆದುಕೊಳ್ಳುತ್ತಿದ್ದ ಕರವನ್ನು ಕಾಳಿದಾಸನು, ಮಳೆಯಾಗಿ ಹಿಂದಿರುಗಿಸುವುದಕ್ಕೆಂದೇ ಸೂರ್ಯನು ಹೀರುವ ನೀರಿಗೆ ಹೋಲಿಸಿರುವನೆಂಬುದನ್ನು ರಘುವಂಶವನ್ನು ಓದಿದವರೆಲ್ಲರೂ ಬಲ್ಲರು. ಉಪಮೆಯೇನೋ ರಮ್ಯವಾದುದೇ. ಆದರೆ ಕೆರೆಯು ಸೂರ್ಯನನ್ನು ಲೆಕ್ಕ ಕೇಳಿದ ಪ್ರಸಂಗವು ಆ ಕಾವ್ಯದಲ್ಲಿ ಇಲ್ಲ. ನಮ್ಮ ಸಂವಿಧಾನದಲ್ಲಿ ಅದಕ್ಕೆ ಅವಕಾಶವುಂಟು. ಶಾಸನದ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದು, ವಸೂಲು ಮಾಡಕೂಡದು ಎಂಬುದು ಅದರ 265ನೆಯ ಅನುಚ್ಛೇದದ ತಾತ್ಪರ್ಯ.

ಆದಕಾರಣ ಅರ್ಥಸಚಿವರು ಆ ದಿನ ಓದುವುದು ಆಜ್ಞೆಯಲ್ಲ, ಸೂಚನೆ. ಕೆಲವು ಕಸ್ಟಮ್ಸ್ ಸುಂಕಗಳು ಆ ನಡುರಾತ್ರಿಯಿಂದಲೇ ವಸೂಲಾಗತೊಡಗುವುದುಂಟು. ಆದಾಯ ತೆರಿಗೆಯ ಮಾರ್ಪಾಟುಗಳಾದರೋ, ಹಣಕಾಸು ಮಸೂದೆಯು ಲೋಕಸಭೆಯಲ್ಲಿ ಅಂಗೀಕೃತವಾಗಿ, ರಾಜ್ಯಸಭೆಯನ್ನು ಹಾದು, ರಾಷ್ಟ್ರಪತಿಗಳ ಅಂಕಿತವನ್ನು ಪಡೆಯುವವರೆಗೆ ಕಾಯಬೇಕು. ಈ ನಡುವಣ ಕೆಲವು ವಾರಗಳೇ ಪ್ರಜೆಯ ಮಾತಿಗೆ ಬೆಲೆಯುಳ್ಳ ಕಾಲ. ಇದು ಬರಿಯ ಪುಸ್ತಕದ ಮಾತಲ್ಲವೆಂಬುದಕ್ಕೆ 2016ನೆಯ ವರ್ಷದ ವೃತ್ತಾಂತವೊಂದನ್ನು ವಾಚಕರ ಮುಂದಿಡುತ್ತೇನೆ.

ಆ ವರ್ಷ ಫೆಬ್ರವರಿ 29ರಂದು ಅರುಣ್ ಜೇಟ್ಲಿಯವರು ಮಂಡಿಸಿದ ಆಯವ್ಯಯದಲ್ಲಿ ನೌಕರರ ಪ್ರಾವಿಡೆಂಟ್ ಫಂಡನ್ನು ಕುರಿತು ಒಂದು ಸೂಚನೆಯಿದ್ದಿತು. ಏಪ್ರಿಲ್ 1ರಿಂದ ಮುಂದಕ್ಕೆ ಕಟ್ಟುವ ಹಣದಿಂದ ಬೆಳೆದ ಗಂಟನ್ನು ಹಿಂದಕ್ಕೆ ಪಡೆಯುವಾಗ ಶೇಕಡಾ 40 ಭಾಗಕ್ಕೆ ಮಾತ್ರ ತೆರಿಗೆಯಿಲ್ಲ. ಉಳಿದ 60 ಭಾಗವನ್ನು ವರ್ಷಾಶನದಲ್ಲಿ ತೊಡಗಿಸದಿದ್ದರೆ ಅದಕ್ಕೆ ತೆರಿಗೆಯುಂಟು ಎಂಬುದು ಅದರ ಸಾರಾಂಶ. ಸಂಬಳದಾರರು ಸುಮ್ಮನಿರಲಿಲ್ಲ. ಅಂತರ್ಜಾಲದಲ್ಲಿ ಅರ್ಜಿಗಳಿಗೆ ಸಹಿಮಾಡಿದರು, ಪತ್ರಿಕೆಗಳಿಗೆ ಬರೆದರು, ಕಾರ್ಮಿಕ ಸಂಘಗಳೂ ದನಿಗೂಡಿಸಿದವು. ಮಾರ್ಚ್ 8ರಂದು ಸಚಿವರು ಅದೇ ಲೋಕಸಭೆಯಲ್ಲಿ ಎದ್ದುನಿಂತು ಆ ಸೂಚನೆಯನ್ನು ಹಿಂತೆಗೆದುಕೊಂಡರು. ಹೋದುದು ಎಂಟೇ ದಿನಗಳು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಎಲ್ಲರಿಗೂ ಸಂತೋಷವೇ. ಆದರೆ ಈ ತೆರಿಗೆಯು ಯಾರ ಮೇಲೆ ಬೀಳುತ್ತಿದ್ದಿತು? ಸರ್ಕಾರವು ಆಗ ಪ್ರಕಟಿಸಿದ ವಿವರಣೆಯಂತೆ ಫಂಡಿಗೆ ಹಣ ಕಟ್ಟುತ್ತಿದ್ದವರು ಸುಮಾರು 3.7 ಕೋಟಿ ಜನ. ಅವರಲ್ಲಿ ಸುಮಾರು 3 ಕೋಟಿ ಮಂದಿ ತಿಂಗಳಿಗೆ 15,000 ರೂಪಾಯಿಗಳ ವೇತನಮಿತಿಯೊಳಗಿನವರು. ಅವರಿಗೆ ಯಾವ ಬದಲಾವಣೆಯೂ ಇರಲಿಲ್ಲ. ಭಾರವು ಬೀಳತಕ್ಕದ್ದಾಗಿದ್ದುದು ದೊಡ್ಡ ಸಂಬಳದ ಸುಮಾರು 60 ಲಕ್ಷ ಮಂದಿಯ ಮೇಲೆ. ಲೇಖನಿಯೂ ಬಿಡುವೂ ಇದ್ದವರು ಅವರು.

ಆ ಮಿತಿಯೊಳಗಿನ ಬಡವರ ಮೇಲೆ ಬಿದ್ದುದು ಬೇರೊಂದು ಕಾಗದ. ಆಯವ್ಯಯಕ್ಕಿಂತ ಮುಂಚೆ, ಫೆಬ್ರವರಿ 10ರಂದು, ಕಾರ್ಮಿಕ ಇಲಾಖೆಯವರು ಅಧಿಸೂಚನೆಯೊಂದನ್ನು ಹೊರಡಿಸಿದ್ದರು. ಕೆಲಸ ಬಿಟ್ಟವರು ತಾವು ಕಟ್ಟಿದ ಹಣವನ್ನೂ ಅದರ ಬಡ್ಡಿಯನ್ನೂ ಪಡೆಯಬಹುದು. ಮಾಲೀಕರು ಕಟ್ಟಿದ ಪಾಲನ್ನು ಮಾತ್ರ 58 ವರ್ಷ ತುಂಬುವವರೆಗೆ ಮುಟ್ಟಕೂಡದು. ಮುಪ್ಪಿಗೆ ಹಣ ಉಳಿಯಲೆಂಬ ಉದ್ದೇಶವು ಕೆಟ್ಟುದೆಂದು ಹೇಳಲಾರೆ. ಆದರೆ ಇದು ಮಸೂದೆಯಾಗಿ ಚರ್ಚೆಗೆ ಬಂದುದಲ್ಲ, ರಾಜಪತ್ರದಲ್ಲಿ ಅಚ್ಚಾಗಿ ಬಂದ ನಿಯಮ. ಭಾರತದ ರಾಜಪತ್ರವು ಅಚ್ಚಾಗುವುದು ಹಿಂದಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ.

ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತಿರುವವರು ಬಹುಪಾಲು ಹೆಂಗಸರು. ಕೆಲವು ವರ್ಷ ದುಡಿದು ಕೆಲಸ ಬಿಟ್ಟಾಗ ಕೈಗೆ ಬರುವ ಆ ಫಂಡಿನ ಹಣವೇ ಅವರಲ್ಲಿ ಅನೇಕರಿಗೆ ಇರುವ ಒಂದೇ ಗಂಟು. ಮಗಳ ಮದುವೆಯಾಗಲಿ, ಸಾಲದ ತೀರುವೆಯಾಗಲಿ, ಮಕ್ಕಳ ಶಾಲೆಯ ಫೀಜಾಗಲಿ, ಎಲ್ಲಕ್ಕೂ ಅದೇ. ಐವತ್ತೆಂಟರವರೆಗೆ ಕಾಯಿರೆಂದರೆ ಅವರು ಕೇಳಿಯಾರೆ? ಸುದ್ದಿಯು ಬಾಯಿಂದ ಬಾಯಿಗೆ ಹಬ್ಬಿ, ಏಪ್ರಿಲ್ 18 ಮತ್ತು 19ರಂದು ಸಹಸ್ರಾರು ಹೆಂಗಸರು ಹೊಸೂರು ರಸ್ತೆಯೇ ಮೊದಲಾದ ಹೆದ್ದಾರಿಗಳಿಗೆ ಇಳಿದರು. ಎರಡನೆಯ ದಿನ ಕಲ್ಲುಗಳು ತೂರಿದವು, ಬಸ್ಸುಗಳು ಉರಿದವು, ಪೊಲೀಸರ ಲಾಠಿಗಳು ಬೀಸಿದವು. ಆ ದಿನವೇ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯರು ಅಧಿಸೂಚನೆಯು ರದ್ದಾಯಿತೆಂದು ಸಾರಿದರು.

ಬಸ್ಸಿಗೆ ಬೆಂಕಿಯಿಟ್ಟುದನ್ನು ಸಮರ್ಥಿಸುವವನು ನಾನಲ್ಲ. ಆದರೆ ಫೆಬ್ರವರಿ 10ರಿಂದ ಏಪ್ರಿಲ್ 18ರವರೆಗೆ 68 ದಿನಗಳಿದ್ದವು. ಒಂದೇ ಫಂಡು, ಒಂದೇ ವಸಂತಕಾಲ. ಒಬ್ಬರಿಗೆ ಸಹಿಯಿಂದ ಆದುದು ಇನ್ನೊಬ್ಬರಿಗೆ ಪೆಟ್ಟು ತಿಂದು ಆಯಿತು. ಅಕ್ಷರಬಲ್ಲ ಗೃಹಸ್ಥರು ತಮ್ಮ ತೆರಿಗೆಯನ್ನು ಕುರಿತು ಬರೆಯುವುದರ ಜೊತೆಗೆ, ಬರೆಯಲಾರದವರ ಪರವಾಗಿ ಒಂದು ಹಾಳೆಯನ್ನು ತುಂಬಿಸುವುದೂ ಪೌರಧರ್ಮವೆಂದೇ ನನ್ನ ಅಭಿಪ್ರಾಯ. ನಮ್ಮ ಬಟ್ಟೆಯನ್ನು ಹೊಲಿಯುವವಳಿಗೆ ಅವಳ ಹಣದ ನಿಯಮವನ್ನು ಕನ್ನಡದಲ್ಲಿ ಓದಿ ಹೇಳುವುದು ದೊಡ್ಡ ವಿದ್ವತ್ತಿನ ಕೆಲಸವೇನೂ ಅಲ್ಲ.

ಬರೆಯುವ ಕ್ರಮಕ್ಕೆ ಗೋಪಾಲಕೃಷ್ಣ ಗೋಖಲೆಯವರನ್ನು ನೋಡಬೇಕು. 1902ರಲ್ಲಿ ಅವರು ವೈಸರಾಯರ ಶಾಸನಸಭೆಯಲ್ಲಿ ಆಯವ್ಯಯವನ್ನು ಕುರಿತು ಮಾತನಾಡಿದಾಗ ಬೈಗುಳವನ್ನು ಆಶ್ರಯಿಸಲಿಲ್ಲ. ವರ್ಷವರ್ಷವೂ ಉಳಿತಾಯ ತೋರಿಸುವ ಬೊಕ್ಕಸವು ಪ್ರಜೆಗಳಿಂದ ಹೆಚ್ಚಾಗಿ ಕಿತ್ತುಕೊಳ್ಳುತ್ತಿದೆಯೆಂದು ಸರ್ಕಾರದ ಅಂಕಿಗಳಿಂದಲೇ ಸಿದ್ಧಪಡಿಸಿ, ಉಪ್ಪಿನ ತೆರಿಗೆಯನ್ನು ಇಳಿಸಿರೆಂದರು. ಸುಮಾರು 37 ಕಿಲೋಗ್ರಾಂ ತೂಗುವ ಸರ್ಕಾರಿ ಮಣಕ್ಕೆ ಎರಡೂವರೆ ರೂಪಾಯಿಗಳಿದ್ದ ಆ ತೆರಿಗೆಯು 1903ರಲ್ಲಿ ಎರಡಕ್ಕೂ, 1905ರಲ್ಲಿ ಒಂದೂವರೆಗೂ, 1907ರಲ್ಲಿ ಒಂದಕ್ಕೂ ಇಳಿಯಿತು. ಎಲ್ಲವೂ ಒಬ್ಬರ ಭಾಷಣದ ಫಲವೆಂದರೆ ಅತಿಶಯೋಕ್ತಿಯಾದೀತು. ಆದರೂ ಲೆಕ್ಕಕ್ಕೆ ಲೆಕ್ಕದಿಂದಲೇ ಉತ್ತರ ಕೊಟ್ಟ ಕ್ರಮವು ಅನುಕರಣೀಯ. ಇದಕ್ಕೆ ಒಂದು ಮಾತನ್ನು ನಾನು ಸೇರಿಸುವೆನು. ಈಗಿನ ಅರ್ಜಿದಾರರು ತಮಗೆ ರಿಯಾಯಿತಿ ಬೇಕೆನ್ನುತ್ತಾರೆಯೇ ಹೊರತು, ಅದರಿಂದ ಖೋತಾ ಬೀಳುವ ಹಣವು ಎಲ್ಲಿಂದ ತುಂಬಬೇಕೆಂಬುದನ್ನು ಹೇಳುವುದು ಅಪರೂಪ. ಅದನ್ನೂ ಹೇಳತಕ್ಕದ್ದು.

ಆಯವ್ಯಯಕ್ಕೆ ಮುಂಚೆ ಅರ್ಥಸಚಿವಾಲಯದವರೇ ಸಾರ್ವಜನಿಕರಿಂದ ಸಲಹೆಗಳನ್ನು ಆಹ್ವಾನಿಸುವ ಪದ್ಧತಿಯು ಈಗ ಬಂದಿದೆ. ಮಂಡನೆಯಾದ ಮೇಲೆ ಬರೆಯುವವರು ತಮ್ಮ ಲೋಕಸಭಾ ಸದಸ್ಯರಿಗೂ ಒಂದು ಪ್ರತಿಯನ್ನು ಕಳುಹಿಸುವುದು ಮೇಲು. ಇಂಗ್ಲಿಷು ಬಾರದೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಸಂದರ್ಭಾನುಸಾರವಾಗಿ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಮನವಿಯನ್ನು ಸಲ್ಲಿಸಬಹುದೆಂದು ಸಂವಿಧಾನದ 350ನೆಯ ಅನುಚ್ಛೇದವು ಹೇಳುತ್ತದೆ. ಕನ್ನಡದ ಅರ್ಜಿಯೂ ಅರ್ಜಿಯೇ.