ಮೆತ್ತನೆಯ ಬ್ರೇಕು, ಗಟ್ಟಿ ಗಂಟಲಿನ ಧಣಿ



ರಿಪೇರಿಯಾಗಿ ಬಂದ ಹೋಟೆಲಿನ ಬೈಕು. ಮುಂದಿನ ಬ್ರೇಕು ಹಿಡಿದರೆ ಲಿವರು ಹ್ಯಾಂಡಲಿಗೆ ತಾಗುವ ತನಕ ಮೆತ್ತಗೆ ಬರುತ್ತದೆ. ಪಾರ್ಸಲು ಒಯ್ಯುವ ಹುಡುಗ ಕೇಳಿದರೆ ಮೆಕ್ಯಾನಿಕ್ಕು, "ಓಡಿಸುತ್ತಾ ಸರಿಹೋಗುತ್ತದೆ" ಎನ್ನುತ್ತಾನೆ. ಗಲ್ಲಾದಲ್ಲಿ ಕುಳಿತ ಧಣಿಗಳು, "ಎರಡು ಸಲ ಒತ್ತಿ ಹಿಡಿಯೋ, ಸಾಂಬಾರು ಆರುತ್ತಿದೆ" ಎನ್ನುತ್ತಾರೆ. ಈ ಎರಡು ಮಾತನ್ನೂ ನಾವು ಇನ್ನು ಕೇಳಿಸಿಕೊಂಡು ಸುಮ್ಮನಿರಕೂಡದು.

ನಾನು ಮೆಕ್ಯಾನಿಕ್ಕಲ್ಲ. ಎಂಟನೆಯ ಕ್ಲಾಸು ಓದಿ ಸಾಂಬಾರು ಬಕೆಟ್ಟು ಹಿಡಿದವನು. ಆದರೆ ಪುದುಪೇಟೆಯ ಅಂಗಡಿಗಳ ಮುಂದೆ ಬ್ರೇಕು ಬಿಚ್ಚಿ ಜೋಡಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ಒಳ್ಳೆಯ ಕೆಲಸಗಾರನನ್ನು ಕೇಳಿದರೆ ಅವನೇ ವಿವರಿಸುತ್ತಾನೆ.

ಡಿಸ್ಕ್ ಬ್ರೇಕಿನಲ್ಲಿ ತಂತಿ ಇಲ್ಲ. ಲಿವರಿನ ಬುಡದಲ್ಲಿರುವ ಮಾಸ್ಟರ್ ಸಿಲಿಂಡರಿನಿಂದ ಚಕ್ರದ ಬಳಿಯ ಕ್ಯಾಲಿಪರಿನವರೆಗೆ ಕೊಳವೆಯಲ್ಲಿ ಬ್ರೇಕ್ ಆಯಿಲು ತುಂಬಿರುತ್ತದೆ. ಆಯಿಲು ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಚಕ್ಕುಲಿ ಒರಳಿನ ಹಿಟ್ಟಿನ ನಡುವೆ ಗಾಳಿ ಸಿಕ್ಕಿಕೊಂಡರೆ ಕೈ ಇಳಿಯುತ್ತದೆ, ಚಕ್ಕುಲಿ ಬರುವುದಿಲ್ಲ. ಅಡಿಗೆಮನೆಯವರಿಗೆ ಇದನ್ನು ಹೇಳಿಕೊಡಬೇಕೆ? ಸೀಲು ಬದಲಾಯಿಸಲು ಕ್ಯಾಲಿಪರು ಬಿಚ್ಚಿದಾಗ ಒಳಗೆಲ್ಲ ಗಾಳಿ ಹೊಕ್ಕಿರುತ್ತದೆ. ಅದು ಪೂರ್ತಿ ಹೊರಗೆ ಹೋಗುವ ತನಕ ರಿಪೇರಿ ಮುಗಿದಿಲ್ಲ, ಬಿಲ್ಲು ಕೊಟ್ಟಿದ್ದರೂ ಮುಗಿದಿಲ್ಲ.

ಹೊಸ ಪ್ಯಾಡು ಡಿಸ್ಕಿಗೆ ಒಗ್ಗಲು ಸ್ವಲ್ಪ ಓಟ ಬೇಕು ಎಂಬುದು ನಿಜ. ಆದರೆ ಆಗ ಲಿವರು ಗಟ್ಟಿಯಾಗಿಯೇ ಇರುತ್ತದೆ, ಹಿಡಿತ ಮಾತ್ರ ಕೊಂಚ ಕಡಿಮೆ. ಲಿವರೇ ಸ್ಪಂಜಿನಂತಿದ್ದರೆ ಅದು ಪ್ಯಾಡಿನ ಮಾತಲ್ಲ. ನಾಲ್ಕು ಸಲ ಒತ್ತಿದಾಗ ಗಟ್ಟಿಯಾಗಿ, ಬಿಟ್ಟು ಸ್ವಲ್ಪ ಹೊತ್ತಿಗೆ ಮತ್ತೆ ಮೆತ್ತಗಾದರೆ ಹೆಚ್ಚಾಗಿ ಗಾಳಿಯೇ ಕಾರಣ. ಒತ್ತಿ ಹಿಡಿದಂತೆಯೇ ಲಿವರು ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲು ಕೆಟ್ಟಿದೆ. ಅಂಥ ಗಾಡಿಯನ್ನು ತಳ್ಳಿಕೊಂಡೇ ವಾಪಸು ಒಯ್ಯಿರಿ.

ಗಾಳಿ ತೆಗೆಯುವುದೇನೂ ಮಂತ್ರವಿದ್ಯೆಯಲ್ಲ. ಕ್ಯಾಲಿಪರಿನ ನಿಪ್ಪಲಿಗೆ ಸಣ್ಣ ಟ್ಯೂಬು ಸಿಕ್ಕಿಸಿ, ಲಿವರು ಒತ್ತಿ ಹಿಡಿದು, ನಿಪ್ಪಲು ಬಿಡಿಸಬೇಕು. ಲಿವರು ಬಿಡುವ ಮೊದಲೇ ನಿಪ್ಪಲು ಬಿಗಿಯಬೇಕು. ಗುಳ್ಳೆ ನಿಲ್ಲುವ ತನಕ ಇದೇ ಕೆಲಸ, ನಿಧಾನವಾಗಿ. ನಡುವೆ ಮೇಲಿನ ಡಬ್ಬಿಯಲ್ಲಿ ಆಯಿಲು ಖಾಲಿಯಾದರೆ ಮತ್ತೆ ಗಾಳಿ ಹೊಕ್ಕು ಮೊದಲಿನಿಂದ ಶುರು. ಗಾಳಿ ಮೇಲಕ್ಕೇರುವ ಜಾತಿಯದು. ಆದ್ದರಿಂದ ನಿಪ್ಪಲು ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ಮಾಸ್ಟರ್ ಸಿಲಿಂಡರಿಗೆ ಕೊಳವೆ ಸೇರುವ ಬೋಲ್ಟಿನ ಬಳಿಯೂ ಗಾಳಿ ಅಡಗಿ ಕೂರುತ್ತದೆ, ಅವಸರದವರು ಬಿಟ್ಟುಬಿಡುವುದು ಅಲ್ಲಿಯೇ. ಲಿವರನ್ನು ಹ್ಯಾಂಡಲಿಗೆ ಕಟ್ಟಿ ರಾತ್ರಿಯಿಡೀ ಬಿಟ್ಟರೆ ಉಳಿದ ಚೂರುಪಾರು ಗಾಳಿ ಮೇಲೆ ಬರಲು ಸಹಾಯವಾಗುತ್ತದೆ. 2019ರ ಏಪ್ರಿಲಿನಿಂದ 125 ಸಿಸಿಗೆ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಆ ಪೆಟ್ಟಿಗೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಕೆಲವು ಸಲ ಸರ್ವಿಸ್ ಸೆಂಟರಿನ ಯಂತ್ರವೇ ಬೇಕಾಗುತ್ತದೆ.

ಇನ್ನು ಆಯಿಲಿನ ಜಿಪುಣತನ. ಅರ್ಧ ಉಳಿದ ಡಬ್ಬಿಯನ್ನು ತಿಂಗಳುಗಟ್ಟಲೆ ಇಟ್ಟು ಅದನ್ನೇ ಸುರಿಯುತ್ತಾರೆ. ಡಾಟ್ 4 ಆಯಿಲು ಗಾಳಿಯ ತೇವ ಹೀರುತ್ತದೆ, ಚೆನ್ನೈಯ ಕಡಲಗಾಳಿಯಲ್ಲಿ ತೇವಕ್ಕೆ ಬರವೆ? ಹೊಸದು ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಬೇಕು. ನೀರು ಹೀರಿದ್ದಕ್ಕೆ ಇಟ್ಟಿರುವ ಅಳತೆ 155 ಡಿಗ್ರಿ ಮಾತ್ರ. ಬ್ರೇಕು ಕಾದು ಆಯಿಲು ಕುದಿದರೆ ಒಳಗೆ ಆವಿ ತುಂಬುತ್ತದೆ, ಲಿವರು ಮತ್ತೆ ಟುಸ್ಸೆನ್ನುತ್ತದೆ.

ಎರಡು ಸಲ ಒತ್ತು ಎನ್ನುವ ಧಣಿಗಳಿಗೆ ಒಂದು ಲೆಕ್ಕ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಅಣ್ಣಾ ಸಾಲೈಯಲ್ಲಿ ಮುಂದಿನ ಬಸ್ಸು ಗಕ್ಕನೆ ನಿಂತಾಗ ನಮ್ಮ ಹುಡುಗ ಎರಡನೆಯ ಸಲ ಒತ್ತುವುದು ಎಲ್ಲಿ, ಬಸ್ಸಿನ ಅಡಿಯಲ್ಲೇ?

ಕಾಯಿದೆಯೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಸೆಕ್ಷನ್ನು, ಅಪಾಯಕಾರಿ ದೋಷವಿರುವ ಗಾಡಿಯನ್ನು ಓಡಿಸಿದವನನ್ನಷ್ಟೇ ಅಲ್ಲ, ಓಡಿಸಲು ಹಚ್ಚಿದವರನ್ನೂ ಬಿಟ್ಟವರನ್ನೂ ಹಿಡಿಯುತ್ತದೆ. ಗೊತ್ತಿರಲಿಲ್ಲ ಎಂದರೆ ಸಾಲದು, ಸಾಮಾನ್ಯ ಎಚ್ಚರಿಕೆಯಿಂದ ಗೊತ್ತಾಗುವಂತಿದ್ದರೆ ಸಾಕು. ಲಿವರು ಒಂದು ಸಲ ಒತ್ತಿ ನೋಡುವುದಕ್ಕಿಂತ ಸಾಮಾನ್ಯ ಎಚ್ಚರಿಕೆ ಇನ್ನಾವುದು? ಹುಡುಗರೇ, ಇದೇ ಸೆಕ್ಷನ್ನು ನಿಮ್ಮನ್ನೂ ಹಿಡಿಯುತ್ತದೆ. ಧಣಿ ಹೇಳಿದರು ಎಂಬುದು ಅಲ್ಲಿ ನಡೆಯದು. ಸ್ವಂತ ಬೈಕಿನಲ್ಲಿ ಆ್ಯಪಿನ ಕೆಲಸ ಮಾಡುವವರೂ ಇದನ್ನು ನೆನಪಿಡಬೇಕು, ಅವರಿಗೆ ತಳ್ಳಿಹಾಕಲು ಧಣಿಯೂ ಇಲ್ಲ.

ಇಷ್ಟಕ್ಕೆಲ್ಲ ಕಾರಣ ಬರಿಯ ಅರ್ಧ ಗಂಟೆ. ಗಾಳಿ ಸರಿಯಾಗಿ ತೆಗೆಯಲು ಬೇಕಾಗುವ ಆ ಅರ್ಧ ಗಂಟೆಯನ್ನು ಮೆಕ್ಯಾನಿಕ್ಕೂ ಕೊಡಲೊಲ್ಲ, ಧಣಿಗಳೂ ಕೊಡಲೊಲ್ಲರು. 1918ರಲ್ಲಿ ಇದೇ ಊರಿನಲ್ಲಿ ಮದರಾಸ್ ಲೇಬರ್ ಯೂನಿಯನ್ ಹುಟ್ಟಿದಾಗ ಮಿಲ್ಲು ಕಾರ್ಮಿಕರ ದೂರುಗಳಲ್ಲಿ ಊಟದ ಬಿಡುವು ಸಾಲದೆಂಬುದೂ ಒಂದು. ನಿಮಿಷಗಳಿಗಾಗಿ ಜಗಳ ಆಡುವುದು ಸಣ್ಣತನವೆಂದು ಅವರು ತಿಳಿದಿರಲಿಲ್ಲ.

ನಾವು ಕೇಳುವುದು ಇದು: ರಿಪೇರಿಯಾದ ಬೈಕನ್ನು ಓಡಿಸುವವನೇ ಒತ್ತಿ ನೋಡಿ ಒಪ್ಪಿಕೊಳ್ಳಬೇಕು. ಒಪ್ಪುವ ತನಕ ಬಿಲ್ಲು ಕೊಡಬಾರದು. ಕಾಯುವ ಹೊತ್ತಿಗೆ ಸಂಬಳ ಕತ್ತರಿಸಬಾರದು. ಮೆತ್ತನೆಯ ಲಿವರಿನ ಗಾಡಿ ಬೇಡವೆಂದುದಕ್ಕೆ ಯಾರದಾದರೂ ಕೂಲಿ ಹಿಡಿದಿದ್ದರೆ ಸಂಘದ ಕಚೇರಿಗೆ ಬಂದು ತಿಳಿಸಿ. ನಾಲ್ಕು ಜನ ಹೋಗಿ, ಆ ಧಣಿಗಳನ್ನೇ ಬೈಕಿನ ಮೇಲೆ ಕೂರಿಸಿ, ಬ್ರೇಕು ಹಿಡಿದು ನೋಡಿ ಎಂದು ಕೇಳೋಣ.