ರಿಬ್ಬನ್ ಕತ್ತರಿಸಿದ ರೂಮಿನ ಚಾವಿ ಯಾರ ಹತ್ರ ಅದ?

1/5
ದೋಸ್ತರೇ, ಈ ಸಲ ಉದ್ದ ಬರೀಲಿಕತ್ತೀನಿ. ಫೋಟೋ ನೋಡಿ ಲೈಕ್ ಒತ್ತಿ ಹೋಗಬ್ಯಾಡ್ರಿ, ಓದ್ರಿ.

ಈಗ ಬಹಳ ಕಾಲೇಜುಗಳಲ್ಲಿ ‘ಇನ್‌ಕ್ಯುಬೇಷನ್ ಸೆಂಟರ್’ ಅಂತ ಬೋರ್ಡ್ ಇರೋ ಒಂದು ರೂಮು ಇರ್ತದ. ಉದ್ಘಾಟನೆ ದಿನ ಶಾಲು, ಹಾರ, ದೀಪ, ಗ್ರೂಪ್ ಫೋಟೋ. ಬೆಂಗಳೂರಿನಿಂದ ಬಂದ ಅತಿಥಿ ನೌಕರಿ ಹುಡುಕಬ್ಯಾಡ್ರಿ, ನೌಕರಿ ಕೊಡೋರಾಗ್ರಿ ಅಂತಾರ. ನಾವು ಚಪ್ಪಾಳೆ ತಟ್ಟಿ ಸ್ಟೋರಿ ಹಾಕ್ತೀವಿ. ಆಮೇಲೆ? ಆ ರೂಮಿನ ಚಾವಿ ಯಾರ ಹತ್ರ ಅದ? ಸಂಜೆ ಐದಾದ ಮೇಲೆ ಬಾಗಿಲು ತೆಗೀತಾರಾ? ಅದನ್ನು ನೋಡಿಕೊಳ್ಳುವ ಸರ್‌ಗೆ ಪರೀಕ್ಷಾ ಕೆಲಸ, ನ್ಯಾಕ್ ಫೈಲು, ಎನ್‌ಎಸ್‌ಎಸ್ ಶಿಬಿರ ಎಲ್ಲ ಅವರ ತಲೆ ಮೇಲೇ ಇರ್ತದ. ಅವರನ್ನ ಬೈದು ಉಪಯೋಗ ಇಲ್ಲ. ಆದರೆ ಸೆಮಿಸ್ಟರ್ ಲೆಕ್ಕದಲ್ಲಿ ನಡೆಯೋ ಸಂಸ್ಥೆಗೆ ವ್ಯಾಪಾರದ ಲೆಕ್ಕ ಹೊಂದೋದು ಕಷ್ಟ. ಗಿರಾಕಿ ಬರೋದು ರಜಾದಾಗ, ಮಷೀನ್ ಕೆಡೋದು ಪರೀಕ್ಷೆ ಹಿಂದಿನ ದಿನ.

ಅಮೆರಿಕದ ಬೋಲ್ಡರ್ ಊರಿನ ಹೂಡಿಕೆದಾರ ಬ್ರಾಡ್ ಫೆಲ್ಡ್ 2012ರಲ್ಲಿ ಇದರ ಬಗ್ಗೆನೇ ಒಂದು ಪುಸ್ತಕ ಬರೆದರು. ಅವರ ವಾದ ಸರಳ: ಇಂಥ ಬಳಗವನ್ನ ಮುನ್ನಡೆಸಬೇಕಾದವರು ಸ್ವತಃ ಕಂಪನಿ ಕಟ್ಟುತ್ತಿರುವವರು, ಅದೂ ಇಪ್ಪತ್ತು ವರ್ಷದ ಲೆಕ್ಕ ಇಟ್ಟುಕೊಂಡು. ವಿಶ್ವವಿದ್ಯಾಲಯ, ಸರ್ಕಾರ, ಹೂಡಿಕೆದಾರರು ಎಲ್ಲ ಅದಕ್ಕೆ ನೀರು ಗೊಬ್ಬರ ಹಾಕೋರು. ನಮ್ಮಲ್ಲಿ ಗೊಬ್ಬರ ಹಾಕೋರೇ ವೇದಿಕೆ ಮೇಲೆ ಕೂತಾರ. ಬಿತ್ತೋರು ಹಿಂದಿನ ಸಾಲಲ್ಲಿ ನಿಂತು ಫೋಟೋ ತೆಗೀತಾರ.

2/5
“ಹಂಗಾದ್ರ ಸ್ಟ್ಯಾನ್‌ಫರ್ಡ್?” ಅಂತ ಕೇಳ್ತೀರಿ. ಕೇಳ್ರಿ, ಒಳ್ಳೇದೇ.

1939ರಲ್ಲಿ ಹ್ಯೂಲೆಟ್, ಪ್ಯಾಕರ್ಡ್ ಅನ್ನೋ ಇಬ್ಬರು ಹುಡುಗರು ಪಾಲೊ ಆಲ್ಟೊದ ಒಂದು ಗ್ಯಾರೇಜಲ್ಲಿ ಕಂಪನಿ ಶುರು ಮಾಡಿದಾಗ ಕೈಯಲ್ಲಿ ಇದ್ದದ್ದು 538 ಡಾಲರ್. ಅವರ ಮೇಷ್ಟ್ರು ಫ್ರೆಡರಿಕ್ ಟರ್ಮನ್ ರಿಬ್ಬನ್ ಕತ್ತರಿಸಲಿಲ್ಲ. ಹುಡುಗರನ್ನ ಒಟ್ಟಿಗೆ ತಂದರು, ಧೈರ್ಯ ಹೇಳಿದರು, ಪರಿಚಯ ಮಾಡಿಸಿದರು. ಅವರ ಮೊದಮೊದಲ ಗಿರಾಕಿಗಳಲ್ಲಿ ಡಿಸ್ನಿ ಕಂಪನಿ ಒಂದು. ‘ಫ್ಯಾಂಟೇಸಿಯಾ’ ಸಿನಿಮಾದ ಧ್ವನಿ ಕೆಲಸಕ್ಕೆ ಇವರ ಎಂಟು ಆಸಿಲೇಟರ್ ಕೊಂಡಿತು. ಸ್ಟ್ಯಾನ್‌ಫರ್ಡ್ ತನ್ನ ಜಾಗದಲ್ಲಿ ಕಂಪನಿಗಳಿಗೆ ಅಂತ ಇಂಡಸ್ಟ್ರಿಯಲ್ ಪಾರ್ಕ್ ಮಾಡಿದ್ದು 1951ರಲ್ಲಿ, ಅಂದ್ರೆ ಹನ್ನೆರಡು ವರ್ಷ ಆದ ಮೇಲೆ. ಅಲ್ಲಿ ಮೊದಲು ಮನುಷ್ಯರು, ಆಮೇಲೆ ಗಿರಾಕಿ, ಕಡೀಗೆ ಕಟ್ಟಡ. ನಾವು ಕಟ್ಟಡದಿಂದ ಶುರು ಮಾಡಿ ಅಲ್ಲೇ ನಿಂತೀವಿ.

3/5
ಈಗ ನಮ್ಮ ಕಡೆ ಬರೋಣ.

ಕಲಬುರಗಿಗೆ ವಿದ್ಯೆಯ ಕೊರತೆ ಇಲ್ಲ. ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರದ್ದು. ಗುಲಬರ್ಗಾ ವಿಶ್ವವಿದ್ಯಾಲಯ 1980ರದ್ದು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಶುರುವಾಗಿದ್ದು 2009ರಲ್ಲಿ. ‘ವಿಶ್ವವಿದ್ಯಾಲಯದ ಸುತ್ತ ಸ್ಟಾರ್ಟಪ್ ಬಳಗ’ ಅಂತಾರಲ್ಲ, ಆ ಸುತ್ತ ಎಲ್ಲಿ ತನಕ? ಕಾಳಗಿಯ ಹುಡುಗ ಕಡಗಂಚಿಗೆ ಹೋಗಬೇಕಂದ್ರ ಕಲಬುರಗಿ ದಾಟಿ ಆಳಂದ ರಸ್ತೆ ಹಿಡೀಬೇಕು. ಹುಡುಗಿಯಾದ್ರ ಕೊನೇ ಬಸ್ಸಿನ ಟೈಮ್ ನೋಡಿಯೇ ಕನಸು ಕಾಣಬೇಕು. ಕ್ಯಾಂಪಸ್ ಕಾಂಪೌಂಡ್‌ಗೇ ಆ ಸುತ್ತ ಮುಗಿಯೋದಾದ್ರ ಸೇಡಂ, ಚಿತ್ತಾಪುರ, ಚಿಂಚೋಳಿ, ಕಾಳಗಿಯ ನಮಗೆ ಅದರಿಂದ ಏನೂ ಇಲ್ಲ.

ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. 371(ಜೆ) ನಮ್ಮ ಹಕ್ಕು, ಹೋರಾಡಿ ಪಡೆದದ್ದು, ಒಂದಿಂಚೂ ಬಿಡಬಾರದು. ಆದರೆ ಅದು ಬಂದ ಮೇಲೆ ನಮ್ಮ ಕಲ್ಪನೆ ಪಿಡಿಒ, ಎಫ್‌ಡಿಎ, ಎಸ್‌ಡಿಎ ಕೋಚಿಂಗ್ ಕ್ಲಾಸಿನ ಬೆಂಚಿಗೇ ಅಂಟಿಕೊಂಡದ. ಎಷ್ಟು ಹುದ್ದೆ, ಎಷ್ಟು ಅರ್ಜಿ, ನೋಟಿಫಿಕೇಷನ್ ಬಂದಾಗೆಲ್ಲ ನೋಡ್ತೀರಲ್ಲ. ಉಳಿದವರು ಹೈದರಾಬಾದ್ ರೈಲು ಹತ್ತತಾರ, ಇಲ್ಲಾ ಬೆಂಗಳೂರಿನ ಬಸ್ಸು.

4/5
ಭಾಳ ಮಂದಿಗೆ ಸ್ಟಾರ್ಟಪ್ ಅಂದ್ರ ಆ್ಯಪ್. ನನ್ನ ಜಗಳ ಇಲ್ಲೇ ಅದ.

ನಮ್ಮ ಸುತ್ತ ತೊಗರಿ ಅದ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ತು. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್ ತಳಿ ನಮ್ಮಪ್ಪಂದಿರಿಗೆ ಬಾಯಿಪಾಠ. ಹೂ ಉದುರದೆ ಕಾಯಿ ಕಟ್ಟಲಿ ಅಂತ ಸಿಂಪಡಿಸೋ ‘ಪಲ್ಸ್ ಮ್ಯಾಜಿಕ್’ ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದು. ಅಂದ್ರೆ ಲ್ಯಾಬಿನ ಕೆಲಸ ಹೊಲಕ್ಕೆ ಬರೋ ದಾರಿ ನಮ್ಮಲ್ಲಿ ಆಗಲೇ ಅದ. ಆ ದಾರಿ ಮೇಲೆ ಅಂಗಡಿ ಹಾಕೋ ಹುಡುಗರು ಇಲ್ಲ, ಅಷ್ಟೇ.

ಕುಡಿ ಚಿವುಟೋದನ್ನೇ ನೋಡ್ರಿ. ತೊಗರಿ ಬಿತ್ತಿ ಒಂದೂವರೆ ತಿಂಗಳ ಹೊತ್ತಿಗೆ ತುದಿ ಚಿವುಟಿದರ ಪಕ್ಕದ ಟೊಂಗೆ ಒಡೆದು ಕಾಯಿ ಹೆಚ್ಚಾಗ್ತದ. ಕೈಯಿಂದ ಮಾಡಿದ್ರ ಆಳು ಸಿಗಲ್ಲ, ಸಿಕ್ಕರೂ ಕೂಲಿ ಹೊಂದಲ್ಲ. ಅದಕ್ಕೆ ಬ್ಯಾಟರಿ ಮಷೀನ್ ಬಂದಾವ: ಒಂದು ಮೋಟರು, ಒಂದು ಬ್ಲೇಡು, ಒಂದು ಬ್ಯಾಟರಿ. ಕೆಲಸಕ್ಕೆ ಸಿಗೋದು ಕೆಲವೇ ದಿನ. ಆ ದಿನಗಳಲ್ಲಿ ಬ್ಯಾಟರಿ ಕೈಕೊಟ್ಟರ ರೈತ ಎಲ್ಲಿಗೆ ಹೋಗಬೇಕು? ಎಲೆಕ್ಟ್ರಿಕಲ್ ಓದೋ ಇಬ್ಬರು, ಐಟಿಐ ಮಾಡಿದ ಒಬ್ಬ, ಬಿಕಾಂನ ಒಬ್ಬಳು ಲೆಕ್ಕಕ್ಕೆ. ನಾಲ್ಕು ಜನ ಸೇರಿ ಹತ್ತು ಮಷೀನ್ ಇಟ್ಟುಕೊಂಡು ಎಕರೆ ಲೆಕ್ಕದಲ್ಲಿ ಬಾಡಿಗೆಗೆ ಚಿವುಟಿಕೊಟ್ಟರ ಅದು ಕಂಪನಿ ಅಲ್ಲೇನು? 2022ರಲ್ಲಿ ನೆಟೆ ರೋಗ ಬಂದು ಕಾಯಿ ಕಟ್ಟೋ ಹೊತ್ತಿಗೆ ಗಿಡ ಒಣಗಿ ನಿಂತಿದ್ದನ್ನ ನಾವೆಲ್ಲ ನೋಡೀವಿ. ಬಾಟನಿ ಓದಿದವರಿಗೆ ಮಣ್ಣು ನೋಡಿ, ಬೀಜೋಪಚಾರ ಮಾಡಿಕೊಡೋದು ವ್ಯಾಪಾರ ಅಂತ ಯಾರಾದರೂ ಹೇಳಿಕೊಟ್ಟರಾ?

ಶಹಾಬಾದ್ ಕಲ್ಲಿನ ಪಾಲಿಶ್ ಮಷೀನಿನಿಂದ ಬರೋ ಕೆಸರು, ಮುರಿದ ಚೂರು ರಸ್ತೆ ಬದಿ ಗುಡ್ಡೆ ಬಿದ್ದದ. ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳು ದಿನಾ ಏನೇನು ಕೊಳ್ಳತಾವ, ಎಲ್ಲಿಂದ ತರಿಸ್ತಾವ, ಒಂದು ಪಟ್ಟಿ ಮಾಡಿದವರು ನಮ್ಮ ಕ್ಲಾಸಲ್ಲಿ ಯಾರಿದ್ದಾರ?

ಮತ್ತ ಆ ವೇದಿಕೆ. ಮೂವತ್ತು ವರ್ಷ ದಾಲ್ ಮಿಲ್ ನಡೆಸಿದ ಸಾವುಕಾರರು ನಮ್ಮ ಜಿಲ್ಲೆಯಾಗೇ ಅದಾರ. ಸಾಲ, ಕರೆಂಟ್ ಬಿಲ್ಲು, ರೇಟ್ ಬಿದ್ದ ವರ್ಷ ಎಲ್ಲ ಕಂಡವರು. ಅವರನ್ನ ಯಾಕ ಕರೆಯಲ್ಲ? ಇಂಗ್ಲಿಷಲ್ಲಿ ಸ್ಲೈಡ್ ತೋರಿಸಲ್ಲ ಅಂತನಾ?

5/5
“ನಮಗ ದೇಶಪಾಂಡೆ ಇಲ್ಲ” ಅಂತಾರ ಕೆಲವರು. ಹೌದು, ಹುಬ್ಬಳ್ಳಿಗೆ ಗುರುರಾಜ ದೇಶಪಾಂಡೆ ಸಿಕ್ಕರು. ಅಮೆರಿಕದಲ್ಲಿ ದುಡಿದ ದುಡ್ಡು ತಮ್ಮೂರಿಗೆ ತಂದು ಫೌಂಡೇಶನ್ ಮಾಡಿದರು, ಆಮೇಲೆ ದೇಶಪಾಂಡೆ ಸ್ಟಾರ್ಟಪ್ಸ್ ಬಂತು. ನಮಗ ಅಷ್ಟು ದೊಡ್ಡವರು ಸದ್ಯಕ್ಕಿಲ್ಲ. ಆದರೆ ಅದು ಒಂದು ಕಾಲೇಜಿನ ಸೆಲ್ ಆಗಿ ಉಳಿಯಲಿಲ್ಲ ಅನ್ನೋದು ನೋಡ್ರಿ. ಅದನ್ನ ನಾವೂ ಮಾಡಬಹುದು, ದುಡ್ಡು ಬೇಕಿಲ್ಲ.

“ಫೇಲ್ ಆದರೂ ಪರವಾಗಿಲ್ಲ” ಅನ್ನೋ ಪೋಸ್ಟರ್ ಮಾತ್ರ ನನಗ ಬ್ಯಾಡ. ಅಪ್ಪನ ಹತ್ರ ದುಡ್ಡಿದ್ದವರ ಮಾತು ಅದು. ನಾಲ್ಕೆಕರೆ ಒಣಬೇಸಾಯದ ಮನೆಯವನಿಗೆ ಒಂದು ಸಲ ಮುಳುಗೋದಂದ್ರ ತಂಗಿಯ ಫೀಸು. ಅದಕ್ಕೇ ಸಾಲ ಮಾಡಿ ಜಿಗೀರಿ ಅಂತ ನಾನು ಹೇಳಲ್ಲ. ಪರೀಕ್ಷೆಗೆ ಓದ್ರಿ, ಅರ್ಜಿ ಹಾಕ್ರಿ, ಭಾನುವಾರ ಒಂದು ಗಿರಾಕಿ ಹುಡುಕ್ರಿ. ಬಾಡಿಗೆ ಮಷೀನಿನಿಂದ ಶುರು ಮಾಡ್ರಿ.

ಕಾಲೇಜಿಗೆ ಕೇಳಬೇಕಾದ್ದನ್ನೂ ಜೋರಾಗಿ ಕೇಳೋಣ. ಆ ರೂಮಿನ ಒಂದು ಚಾವಿ ವಿದ್ಯಾರ್ಥಿಗಳ ಕೈಗೆ ಕೊಡ್ರಿ. ಫೈನಲ್ ಇಯರ್ ಪ್ರಾಜೆಕ್ಟ್ ಅಂಗಡಿಯಿಂದ ಕೊಂಡು ತರೋದನ್ನ ಬಿಡಿಸಿ, ಒಬ್ಬ ರೈತನೋ ಕಲ್ಲಿನ ವ್ಯಾಪಾರಿಯೋ ಬಳಸಿ ನೋಡಿದೆ ಅಂತ ಸಹಿ ಹಾಕಿದ್ರ ಮಾತ್ರ ಮಾರ್ಕ್ಸ್ ಕೊಡ್ರಿ. ಕಾಳಗಿಯಂಥ ಊರಿನ ಡಿಗ್ರಿ ಕಾಲೇಜಿನ ಹುಡುಗರನ್ನ ಆ ಬಳಗದಾಗ ಹೆಸರು ಹಿಡಿದು ಸೇರಿಸ್ರಿ.

ನಾವು ತೊಗರಿಯಿಂದ ಶುರು ಮಾಡೋಣ. ನಿಮ್ಮೂರಾಗ ಕುಡಿ ಚಿವುಟೋ ಮಷೀನ್ ಎಷ್ಟು ಅವ, ಎಷ್ಟು ಕೆಟ್ಟು ಮೂಲ್ಯಾಗ ಬಿದ್ದಾವ, ಕೆಟ್ಟದ್ದು ಬ್ಯಾಟರಿನಾ ಮೋಟರಾ? ಮನೆಯಲ್ಲಿ ಕೇಳಿ, ಊರಿನ ಹೆಸರಿನ ಜೊತೆ ಕಮೆಂಟ್ ಹಾಕ್ರಿ. ಎಲೆಕ್ಟ್ರಿಕಲ್‌ನವರು ಇದ್ದರ ಡಿಎಂ ಮಾಡ್ರಿ.

#ಕಾಳಗಿ #ತೊಗರಿ #ಕಲಬುರಗಿ #ನಮ್ಮೂರಸ್ಟಾರ್ಟಪ್