ಕಣ್ಣಿಗಿರುವ ವಿಮೆ ಕಿವಿಗೇಕಿಲ್ಲ?

ಎಪ್ಪತ್ತು ವರ್ಷ ದಾಟಿದ ಪ್ರತಿಯೊಬ್ಬ ಭಾರತೀಯನಿಗೂ, ಆತ ಬಡವನಿರಲಿ ಸಿರಿವಂತನಿರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಎಂಬ ಘೋಷಣೆಯೊಂದಿಗೆ 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಯೋಜನೆಯನ್ನು ವಿಸ್ತರಿಸಲಾಯಿತು. ಸುಮಾರು 6 ಕೋಟಿ ಹಿರಿಯರಿಗೆ ಇದರ ಪ್ರಯೋಜನ ಸಿಗಲಿದೆ ಎಂದು ಸರಕಾರ ಹೇಳಿಕೊಂಡಿತು. ಇದು ಸ್ವಾಗತಾರ್ಹ ಹೆಜ್ಜೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಾರ್ಡನ್ನು ಹಿಡಿದ ವೃದ್ಧರೊಬ್ಬರು ಆಸ್ಪತ್ರೆಗೆ ಹೋಗಿ, 'ನನಗೆ ಕಿವಿ ಕೇಳಿಸುತ್ತಿಲ್ಲ' ಎಂದರೆ ಏನಾಗುತ್ತದೆ? ಕಿವಿಯ ತಮಟೆ ಹರಿದಿದ್ದರೆ ಶಸ್ತ್ರಚಿಕಿತ್ಸೆಗೆ ಪ್ಯಾಕೇಜ್ ಇದೆ. ವಯಸ್ಸಿನ ಕಾರಣದಿಂದ ಒಳಗಿವಿ ಸವೆದಿದ್ದರೆ ಏನೂ ಇಲ್ಲ. ಹಿರಿಯರ ಶ್ರವಣ ದೋಷಕ್ಕೆ ಅತ್ಯಂತ ಸಾಮಾನ್ಯವಾದ ಕಾರಣವೇ ಈ ಎರಡನೆಯದು! ಇದಕ್ಕೆ ಬೇಕಾದುದು ಹಾಸಿಗೆಯಲ್ಲ, ಶ್ರವಣ ಸಾಧನ. ಆಯುಷ್ಮಾನ್ ಯೋಜನೆಯೋ ಮೂಲತಃ ಆಸ್ಪತ್ರೆಗೆ ದಾಖಲಾಗುವವರ ವಿಮೆ. ಹೊರರೋಗಿಯ ತಪಾಸಣೆಯಾಗಲಿ, ಆತ ಕಿವಿಗೆ ಹಾಕಿಕೊಳ್ಳುವ ಮೆಷಿನ್ ಆಗಲಿ ಅದರ ಲೆಕ್ಕದೊಳಗೆ ಬರುವುದಿಲ್ಲ.

ಇದೇನೂ ಬೆರಳೆಣಿಕೆಯ ಮಂದಿಯ ಸಮಸ್ಯೆಯಲ್ಲ. ಅರುವತ್ತು ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತಲೂ ಹೆಚ್ಚು ಮಂದಿ ಬದುಕಿಗೆ ತೊಡಕಾಗುವಷ್ಟು ಶ್ರವಣ ದೋಷವನ್ನು ಎದುರಿಸುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಕೈಕೊಡುವುದು ಸಣ್ಣ, ತೀಕ್ಷ್ಣ ಧ್ವನಿಗಳು. ಆದ್ದರಿಂದಲೇ, 'ಮಾತನಾಡುವುದು ಕೇಳಿಸುತ್ತದೆ, ಏನೆಂದು ಅರ್ಥವಾಗುವುದಿಲ್ಲ' ಎಂದು ಹಿರಿಯರು ಹೇಳುತ್ತಾರೆ. ಗರಗಸದ ಮಿಲ್ಲಿನಲ್ಲಿ, ವಿದ್ಯುತ್ ಮಗ್ಗದ ಮುಂದೆ, ಕಲ್ಲುಕೋರೆಯಲ್ಲಿ ಆಯುಷ್ಯ ಸವೆಸಿದವರಿಗಂತೂ ಈ ದೋಷ ಬೇಗನೆ ಬಂದುಬಿಡುತ್ತದೆ. ದೇಶ ಕಟ್ಟಿದ ಸದ್ದಿನಲ್ಲಿ ಕಿವಿ ಕಳಕೊಂಡವರಿಗೆ ದೇಶ ಕೊಡುವ ಪ್ರತಿಫಲ ಇದುವೇ?

ಕಿವಿ ಕೇಳದಿದ್ದರೆ ಪ್ರಾಣವೇನೂ ಹೋಗುವುದಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಅವರು ವೈದ್ಯಕೀಯ ಸಂಶೋಧನೆಗಳ ಮೇಲೊಮ್ಮೆ ಕಣ್ಣಾಡಿಸುವುದು ಒಳಿತು. ಮರೆಗುಳಿತನದ ಬಗ್ಗೆ ಅಧ್ಯಯನ ನಡೆಸಿದ ಲ್ಯಾನ್ಸೆಟ್ ಆಯೋಗವು 2024ರ ವರದಿಯಲ್ಲಿ, ತಡೆಗಟ್ಟಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಅತಿಹೆಚ್ಚು ಪಾಲು ಇರುವ ಎರಡರಲ್ಲಿ ಶ್ರವಣ ದೋಷವೂ ಒಂದು. 2023ರಲ್ಲಿ ಅಮೆರಿಕದಲ್ಲಿ 977 ಹಿರಿಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಹೊರಬಂತು. ಶ್ರವಣ ಸಾಧನವು ಎಲ್ಲರ ಮೆದುಳನ್ನೂ ಕಾಪಾಡುತ್ತದೆ ಎಂದು ಅದು ಹೇಳಲಿಲ್ಲ. ಆದರೆ ಮರೆಗುಳಿತನದ ಅಪಾಯ ಹೆಚ್ಚಿದ್ದವರಲ್ಲಿ ಮೂರು ವರ್ಷಗಳ ಅವಧಿಯಲ್ಲಿ ಬುದ್ಧಿಶಕ್ತಿಯ ಕುಸಿತದ ವೇಗ 48 ಶೇಕಡಾದಷ್ಟು ತಗ್ಗಿತು. ಇನ್ನು, ವೈದ್ಯರು ಹೇಳಿದ ಔಷಧಿಯ ಪ್ರಮಾಣ ಕೇಳಿಸದೆ, ಹಿಂದಿನಿಂದ ಬರುವ ವಾಹನದ ಹಾರನ್ ಕೇಳಿಸದೆ ಆಗುವ ಅನಾಹುತಗಳನ್ನು ಯಾರು ಎಣಿಸಿದ್ದಾರೆ?

ಶ್ರವಣ ಸಾಧನವೆಂಬುದು ಚಿಕಿತ್ಸೆಯಲ್ಲ, ಉಪಕರಣ ಎಂಬುದು ಇನ್ನೊಂದು ಸಬೂಬು. ಹಾಗಾದರೆ ಕಣ್ಣಿನ ಪೊರೆ ತೆಗೆದು ಒಳಗಿಡುವ ಮಸೂರವೇನು? ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್ ಏನು? ಸವೆದ ಮಂಡಿಗೆ ಜೋಡಿಸುವ ಕೃತಕ ಕೀಲು ಏನು? ಇವೆಲ್ಲವೂ ಉಪಕರಣಗಳೇ. ಇವೆಲ್ಲಕ್ಕೂ ಆಯುಷ್ಮಾನ್ ಹಣ ಕೊಡುತ್ತದೆ, ಕೊಡಲೇಬೇಕು. ಆಸ್ಪತ್ರೆಯಲ್ಲಿ ರಾತ್ರಿ ಕಳೆಯಬೇಕೆಂಬ ನಿಯಮವಾದರೂ ಕಲ್ಲಿನಲ್ಲಿ ಕೊರೆದದ್ದೇ? ಡಯಾಲಿಸಿಸ್ ಮಾಡಿಸಿಕೊಂಡವರು ಅದೇ ದಿನ ಮನೆಗೆ ಮರಳುತ್ತಾರೆ, ಪೊರೆಯ ಶಸ್ತ್ರಚಿಕಿತ್ಸೆಯಾದವರೂ ಮರಳುತ್ತಾರೆ. ಅಲ್ಲಿ ಅಗತ್ಯವನ್ನು ನೋಡಿ ನಿಯಮವನ್ನು ಬಗ್ಗಿಸಲಾಯಿತು. ಕಿವಿಯ ವಿಷಯದಲ್ಲಿ ಮಾತ್ರ ನಿಯಮವನ್ನು ನೋಡಿ ಅಗತ್ಯವನ್ನು ಕಡೆಗಣಿಸಲಾಗಿದೆ.

ವಿಪರ್ಯಾಸವೆಂದರೆ, ಶ್ರವಣ ಸಾಧನವು ವೈದ್ಯಕೀಯ ಅಗತ್ಯ ಎಂಬುದನ್ನು ಸರಕಾರ ತನ್ನವರ ಮಟ್ಟಿಗೆ ಎಂದೋ ಒಪ್ಪಿಕೊಂಡಿದೆ. ಕೇಂದ್ರ ಸರಕಾರದ ನೌಕರರು ಹಾಗೂ ನಿವೃತ್ತರಿಗಾಗಿ ಇರುವ ಸಿಜಿಎಚ್‌ಎಸ್ ಯೋಜನೆಯಲ್ಲಿ ಶ್ರವಣ ಸಾಧನದ ವೆಚ್ಚವನ್ನು ನಿಗದಿತ ಮಿತಿಯೊಳಗೆ ಮರುಪಾವತಿ ಮಾಡಲಾಗುತ್ತದೆ. ಅವರು ವಂತಿಗೆ ಕಟ್ಟುತ್ತಾರೆ ನಿಜ. ಆದರೆ ಆ ಯೋಜನೆ ಬರೇ ವಂತಿಗೆಯಿಂದ ನಡೆಯುತ್ತಿಲ್ಲ, ಬೊಕ್ಕಸದ ಹಣದಿಂದಲೂ ನಡೆಯುತ್ತಿದೆ. ಬೀಡಿ ಕಟ್ಟುವ ಮಹಿಳೆ ಬೆಂಕಿಪೊಟ್ಟಣ ಖರೀದಿಸಿದರೂ ತೆರಿಗೆ ಕಟ್ಟುತ್ತಾಳೆ. ನಿವೃತ್ತ ಅಧಿಕಾರಿಯ ಕಿವಿಗೆ ಒಂದು ನ್ಯಾಯ, ಆಕೆಯ ಕಿವಿಗೆ ಇನ್ನೊಂದು ನ್ಯಾಯವೇ?

'ಯೋಜನೆಗಳು ಇವೆಯಲ್ಲ' ಎಂಬ ಉತ್ತರ ಸಿದ್ಧವಿದೆ. ಹೌದು, ಇವೆ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಊರುಗೋಲು, ಕನ್ನಡಕ, ಶ್ರವಣ ಸಾಧನಗಳನ್ನು ಶಿಬಿರಗಳಲ್ಲಿ ವಿತರಿಸಲಾಗುತ್ತದೆ. ಆದರೆ ಶಿಬಿರವು ಕೊಡುಗೆ, ವಿಮೆಯು ಹಕ್ಕು. ಶಿಬಿರ ಎಂದು, ಎಲ್ಲಿ ನಡೆಯಬೇಕೆಂಬುದನ್ನು ಅಧಿಕಾರಿ ತೀರ್ಮಾನಿಸುತ್ತಾನೆ. ವಿಮೆಯಿದ್ದರೆ ಎಂದು ಚಿಕಿತ್ಸೆ ಪಡೆಯಬೇಕೆಂಬುದನ್ನು ರೋಗಿ ತೀರ್ಮಾನಿಸುತ್ತಾನೆ. ಮೇಲಾಗಿ, ಶ್ರವಣ ಸಾಧನವು ಊರುಗೋಲಿನಂತೆ ಕೈಗೆ ಕೊಟ್ಟು ಕಳುಹಿಸುವ ವಸ್ತುವಲ್ಲ. ಪ್ರತಿ ಕಿವಿಯ ದೋಷವನ್ನು ಅಳೆದು, ಅದಕ್ಕೆ ತಕ್ಕಂತೆ ಹೊಂದಿಸಿ, ಕೆಲವು ವಾರಗಳ ಬಳಿಕ ಮತ್ತೆ ಸರಿಪಡಿಸಬೇಕು. ಬ್ಯಾಟರಿ ಬದಲಿಸಬೇಕು. ಶಿಬಿರದ ಪೆಂಡಾಲು ಬಿಚ್ಚಿದ ಮೇಲೆ ಇದನ್ನೆಲ್ಲ ಮಾಡುವವರು ಯಾರು? ಹೊಂದಿಕೆಯಾಗದ ಮೆಷಿನ್ ಕಿವಿಯೊಳಗೆ ಕಿರುಚುತ್ತದೆ, ಕೊನೆಗೆ ಕಪಾಟು ಸೇರುತ್ತದೆ.

ಕಾನೂನಿನಲ್ಲೂ ಒಂದು ಕಂದಕವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60 ಡೆಸಿಬೆಲ್ ನಷ್ಟವಾದರೆ ಮಾತ್ರ ಶ್ರವಣ ದೋಷವುಳ್ಳವರ ಪಟ್ಟಿಗೆ ಪ್ರವೇಶ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲಾದರೋ, ಉತ್ತಮವಾಗಿರುವ ಕಿವಿಯಲ್ಲಿ 35 ಡೆಸಿಬೆಲ್. 50 ಡೆಸಿಬೆಲ್ ಕಳಕೊಂಡ ವೃದ್ಧೆಗೆ ಎದುರು ಕೂತವರ ಮಾತೂ ಸರಿಯಾಗಿ ತಿಳಿಯದು. ಆದರೆ ಕಾಯ್ದೆಯ ದೃಷ್ಟಿಯಲ್ಲಿ ಆಕೆ ಆರೋಗ್ಯವಂತೆ!

ಇನ್ನು ಹಣದ ಪ್ರಶ್ನೆ. ಶ್ರವಣ ಆರೈಕೆಗೆ ಹೂಡುವ ಪ್ರತಿ ಒಂದು ಡಾಲರ್ ಹತ್ತು ವರ್ಷಗಳಲ್ಲಿ ಸುಮಾರು 16 ಡಾಲರ್ ಆಗಿ ಮರಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಲೆಕ್ಕ ಹಾಕಿದೆ. ಬ್ರಿಟನ್ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯ ಮೂಲಕ 1948ರಿಂದಲೇ ಶ್ರವಣ ಸಾಧನವನ್ನು ಉಚಿತವಾಗಿ ಕೊಡತೊಡಗಿತು. ಆಗ ಅದು ಯುದ್ಧದಿಂದ ಜರ್ಜರಿತವಾಗಿದ್ದ, ಪಡಿತರದಲ್ಲಿ ಬದುಕುತ್ತಿದ್ದ ದೇಶ. ಫ್ರಾನ್ಸ್ 2021ರಲ್ಲಿ, ಬೆಲೆಗೆ ಮಿತಿ ಹಾಕಿದ ಒಂದು ವರ್ಗದ ಸಾಧನಗಳ ಪೂರ್ತಿ ವೆಚ್ಚವನ್ನು ವಿಮೆಯೊಳಗೆ ತಂದಿತು. ಇದಕ್ಕೆ ವಿರುದ್ಧವಾಗಿ ಅಮೆರಿಕವು 1965ರಲ್ಲಿ ಹಿರಿಯರಿಗಾಗಿ ಮೆಡಿಕೇರ್ ರೂಪಿಸುವಾಗ ಶ್ರವಣ ಸಾಧನವನ್ನು ಹೊರಗಿಟ್ಟಿತು. ಮೂಲ ಮೆಡಿಕೇರ್‌ನಲ್ಲಿ ಆ ತಪ್ಪು ಇನ್ನೂ ಉಳಿದುಕೊಂಡಿದೆ. ನಾವು ಯಾರಿಂದ ಕಲಿಯಬೇಕು?

ಆದ್ದರಿಂದ ಬೇಡಿಕೆ ಸ್ಪಷ್ಟವಿರಲಿ. ಶ್ರವಣ ತಪಾಸಣೆ, ಸಾಧನ, ಅದನ್ನು ಹೊಂದಿಸುವಿಕೆ ಮತ್ತು ಐದು ವರ್ಷಗಳ ದುರಸ್ತಿ ಇವಿಷ್ಟನ್ನೂ ಒಂದೇ ಪ್ಯಾಕೇಜ್ ಮಾಡಿ ಆಯುಷ್ಮಾನ್‌ಗೆ ಸೇರಿಸಬೇಕು. ಸರಕಾರವೇ ಸಗಟಾಗಿ ಖರೀದಿಸಿ ಬೆಲೆ ಇಳಿಸಬೇಕು. ಮೆಷಿನ್ ಕೊಟ್ಟಾಗ ಅರ್ಧ ಹಣ, ಮರುತಪಾಸಣೆಯ ಬಳಿಕ ಉಳಿದರ್ಧ ಎಂದು ನಿಯಮ ಮಾಡಿದರೆ ವಂಚನೆಗೂ ಕಡಿವಾಣ ಬೀಳುತ್ತದೆ. ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವಾಪಟ್ಟಿಯಲ್ಲಿ ಕಿವಿ-ಮೂಗು-ಗಂಟಲಿನ ಆರೈಕೆ ಈಗಾಗಲೇ ಇದೆ. ಅದನ್ನು ಕಾಗದದಿಂದ ಊರಿಗೆ ಇಳಿಸಬೇಕು. ರಾಜ್ಯ ಸರಕಾರವೂ ದಿಲ್ಲಿಯತ್ತ ಬೆರಳು ತೋರಿಸಿ ಪಾರಾಗುವಂತಿಲ್ಲ. ಪ್ಯಾಕೇಜ್ ಸೇರಿಸುವ ಅವಕಾಶ ರಾಜ್ಯಗಳಿಗೂ ಇದೆ. ಜೊತೆಗೆ, 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಸಂಪತ್ತು ಎಷ್ಟು ರಾಜ್ಯಗಳಿಗಿದೆ?

ಹಾಗಂತ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕನ್ನಡಕ ಹಾಕಿದವರನ್ನು ಗೌರವಿಸುವ ಸಮಾಜ, ಕಿವಿಗೆ ಮೆಷಿನ್ ಹಾಕಿದವರನ್ನು ಕಂಡು ನಗುತ್ತದೆ. ಮದುವೆ ಮಾತುಕತೆಯಿಂದ ಆಸ್ತಿ ಪಾಲಿನವರೆಗೆ ಹಿರಿಯರ ಮುಂದೆಯೇ, ಅವರಿಗೆ ಕೇಳಿಸದು ಎಂಬ ಧೈರ್ಯದಿಂದ, ಅವರನ್ನು ಬಿಟ್ಟು ತೀರ್ಮಾನವಾಗುತ್ತದೆ. 'ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ' ಎಂಬ ಗಾದೆಯನ್ನು ನಾವು ಹಿರಿಯರ ಮೇಲೆ ಪ್ರಯೋಗಿಸಿದ್ದು ಸಾಕು. ಇನ್ನು ಮುಂದೆ ಅದನ್ನು, ಹಿರಿಯರ ಓಟು ಕೇಳಲು ಮನೆಬಾಗಿಲಿಗೆ ಬಂದು ಅವರ ಕಿವಿಯ ಬಗ್ಗೆ ಒಂದು ಮಾತೂ ಆಡದೆ ಹೋಗುವವರ ಮೇಲೆ ಪ್ರಯೋಗಿಸೋಣ.